ವಂಕಿ ತುಂಡಾಗದ ಹಾಗೆ

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ಗೃಹಪ್ರವೇಶಗಳ ಫೋಟೋ ತೆಗೆಯುತ್ತೇನೆ. ಅವಿಲ್ಲದ ದಿನಗಳಲ್ಲಿ ತೀರಿಹೋದವರ ಫೋಟೋ ಮಾಡುತ್ತೇನೆ. ಅದು ತೆಗೆಯುವ ಕೆಲಸವಲ್ಲ, ಮಾಡುವ ಕೆಲಸ. ಮನೆಯವರು ಯಾವುದೋ ಮದುವೆಯ ಗುಂಪು ಫೋಟೋ ತಂದು, ಒಬ್ಬರ ಮೇಲೆ ಬೆರಳಿಟ್ಟು, "ಇವ್ರು ನೋಡ್ರಿ" ಎನ್ನುತ್ತಾರೆ. ಅವರೊಬ್ಬರನ್ನೇ ಬಿಡಿಸಿ ತೆಗೆದು, ಹಿಂದೆ ತಿಳಿನೀಲಿ ತುಂಬಿ, ಕಣ್ಣು ಮುಚ್ಚಿದ್ದರೆ ತೆರೆಸಿ, ಹಾರಕ್ಕೆ ಜಾಗ ಬಿಟ್ಟು ಪ್ರಿಂಟ್ ಹಾಕಿಕೊಡಬೇಕು. ಇದರಲ್ಲಿ ಕಷ್ಟದ್ದೆಂದರೆ ಹೆಗಲು. ಗುಂಪು ಫೋಟೋದಲ್ಲಿ ಹೆಗಲ ಮೇಲೆ ಯಾರದೋ ಒಂದು ಕೈ ಇದ್ದೇ ಇರುತ್ತದೆ. ಅದನ್ನು ಅಳಿಸಿ, ಬೆರಳಿದ್ದ ಜಾಗದಲ್ಲಿ ಸೀರೆಯ ಅಂಚನ್ನೋ ಅಂಗಿಯ ಮಡಿಕೆಯನ್ನೋ ತುಂಬಬೇಕು. ಇಷ್ಟು ವರ್ಷ ಎಷ್ಟೋ ಕೈಗಳನ್ನು ಅಳಿಸಿದ್ದೇನೆ. ಯಾರ ಕೈ ಎಂದು ಒಮ್ಮೆಯೂ ಕೇಳಿದವನಲ್ಲ.

ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳದನ್ನು ಮಾಡಲು ಕೂತೆ. ಫೋಟೋದವನ ಮನೆಯಲ್ಲಿ ಹೆಂಡತಿಯ ಫೋಟೋ ಇರುವುದಿಲ್ಲ. ಇದ್ದ ಒಳ್ಳೆಯದು ಒಂದೇ, ಅವಳ ತಮ್ಮನ ಮದುವೆಯಲ್ಲಿ ಬೇರೆ ಯಾರೋ ತೆಗೆದದ್ದು. ಅದರಲ್ಲಿ ಅವಳ ಹೆಗಲ ಮೇಲಿರುವ ಕೈ ನನ್ನದು.

ಕೂತೆ, ಎದ್ದೆ. ಮತ್ತೊಂದು ದಿನ ಕೂತೆ. ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಹಡಗಲಿಯಿಂದ ಅತ್ತೆಯ ಫೋನು ಬಂತು.

"ವರ್ಷದ ದಿನಕ್ಕ ಆಕಿದೊಂದು ಫೋಟೋ ಬೇಕಪ್ಪ. ಊರಾಗ ಸತ್ತೋರದ್ದೆಲ್ಲ ಮಾಡ್ತಿ, ನಮ್ಮಾಕಿದೊಂದು ಆಗವಲ್ದೇನು ನಿನಗ?"

"ಮಾಡ್ತೀನ್ರಿ ಅತ್ತಿ. ಅದಕ್ಕೂ ಮೊದ್ಲ ಆಕಿದೊಂದು ಕೆಲಸ ಅರ್ಧಕ್ಕ ನಿಂತೈತಿ. ಅದನ್ನ ಮುಗಸ್ತೀನಿ."

"ಸಾಲಿ ಕೆಲಸೇನು?"

"ಅಲ್ರಿ. ಆಕಾಶದ ಒಂದು ಫೋಟೋ. ಬಲಗಡಿದು ಆಕಿ ತಗದು ಹೋಗ್ಯಾಳ. ಎಡಗಡಿದು ಉಳದೈತಿ."

ನನಗೆ ತಲೆ ಕೆಟ್ಟಿದೆ ಎಂದು ಅತ್ತೆ ಅಂದುಕೊಂಡರೋ ಏನೋ. "ಉಂಡಿಯೇನು?" ಎಂದು ಕೇಳಿ ಇಟ್ಟರು.

ಅವಳು ಹಗರಿಬೊಮ್ಮನಹಳ್ಳಿಯ ಆಚೆ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಾನು ಹತ್ತನೆಯದನ್ನು ಕಷ್ಟಪಟ್ಟು ದಾಟಿದವನು. ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆ ಇಲ್ಲ. ಕ್ಯಾಮೆರಾಗಳೆಲ್ಲ ಕಪಾಟಿನಲ್ಲಿ ಮಲಗಿರುತ್ತವೆ. ಅದೇ ತಿಂಗಳು ಗಾಳಿ ತಿಳಿಯಾಗಿ, ಊಟದ ಹೊತ್ತಿಗೆಲ್ಲ ಮೂಡಣದಲ್ಲಿ ಮೂರು ಚುಕ್ಕೆಗಳ ಸಾಲು ಮೇಲೆ ಬರುತ್ತದೆ. ನಮ್ಮವ್ವ ಅದಕ್ಕೆ ಕೂರಿಗಿ ಅನ್ನುತ್ತಿದ್ದಳು, ಬಿತ್ತುವ ಕೂರಿಗೆಯಲ್ಲಿ ಕಾಳು ಇಳಿಯುವ ಮೂರು ತಾಳಿನ ಹಾಗೆ ಇದೆಯೆಂದು. ಒಂದು ಧನುರ್ಮಾಸದಲ್ಲಿ ಹೆಂಡತಿ ಕೇಳಿದಳು: "ಸುಮ್ನ ಕುಂತಾವಲ್ರಿ ನಿಮ್ಮ ಕ್ಯಾಮೆರಾ, ನನಗ ಕೊಡ್ರಿ. ಕೂರಿಗಿ ಸುತ್ತ ಏನೈತಿ ತೋರಸ್ತೀನಿ."

ಅಲ್ಲಿ ಕಪ್ಪು ಬಿಟ್ಟು ಏನೂ ಇಲ್ಲ ಎಂದು ನಾನು ನಂಬಿದ್ದೆ. ನೀಹಾರಿಕೆ ಎಂಬ ಮಾತನ್ನು ಅವಳ ಬಾಯಲ್ಲೇ ಮೊದಲು ಕೇಳಿದ್ದು. ನಕ್ಷತ್ರಗಳ ನಡುವೆ ಹರಡಿರುವ ಅನಿಲದ ಮೋಡವಂತೆ, ಕೆಂಪಗೆ ಬೆಳಗುತ್ತದಂತೆ, ಆದರೆ ಕಣ್ಣಿಗೆ ಸಾಲದಷ್ಟು ಮಂಕು. ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರೆ ಸಿಗುತ್ತದೆ. ಆದರೆ ಭೂಮಿ ತಿರುಗುವುದರಿಂದ ಅಷ್ಟು ಹೊತ್ತಿಗೆ ನಕ್ಷತ್ರಗಳು ಗೆರೆಯಾಗಿಬಿಡುತ್ತವೆ. ಕ್ಯಾಮೆರಾವನ್ನೂ ಅಷ್ಟೇ ನಿಧಾನವಾಗಿ ತಿರುಗಿಸಬೇಕು. ಅದಕ್ಕೆ ಅವಳು ಕಾಗದದಲ್ಲಿ ಎರಡು ಹಲಗೆ ಬರೆದುಕೊಂಡು, ಕಾನಹೊಸಹಳ್ಳಿಯಲ್ಲಿ ಬಾಗಿಲು ಮಾಡುವ ಬಡಿಗೇರನ ಹತ್ತಿರ ನನ್ನನ್ನು ಕರೆದುಕೊಂಡು ಹೋದಳು. ಎರಡು ಹಲಗೆ, ನಡುವೆ ತಿರುಗಣಿ, ಕೆಳಗಿನಿಂದ ಒಂದು ಬೋಲ್ಟು. ಬೋಲ್ಟನ್ನು ತಿರುವಿದಂತೆ ಕ್ಯಾಮೆರಾ ಹೊತ್ತ ಮೇಲಿನ ಹಲಗೆ ಸ್ವಲ್ಪ ಸ್ವಲ್ಪವೇ ತೆರೆಯಬೇಕು.

ಬಡಿಗೇರ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟು ಸಣ್ಣ ಬಾಗಲದಾಗ ಯಾರು ಹೋಗ್ತಾರ್ರಿ ಟೀಚರ? ಬೆಕ್ಕಿಗೇನ್ರಿ?"

"ಆಕಾಶಕ್ಕ ಹೋಗಾಕ."

"ಹಂಗಾದ್ರ ಚಿಲಕ ಬ್ಯಾಡೇನು?" ಎಂದು ನಕ್ಕ. ಚಿಲಕವನ್ನೂ ಹಾಕಿಕೊಟ್ಟ. ಅದು ಇನ್ನೂ ಆ ಹಲಗೆಯ ಮೇಲಿದೆ.

ಕ್ಯಾಮೆರಾದೊಳಗೆ ಕೆಂಪನ್ನು ತಡೆಯುವ ಒಂದು ಗಾಜು ಇರುತ್ತದೆ, ಮುಖದ ಬಣ್ಣ ಸರಿಯಾಗಿ ಬರಲೆಂದು. ನೀಹಾರಿಕೆಯ ಕೆಂಪನ್ನೂ ಅದು ತಡೆಯುತ್ತದೆ. ನನ್ನ ಹಳೆಯ ಕ್ಯಾಮೆರಾ ಒಂದರ ಗಾಜನ್ನು ಅವಳು ರಿಪೇರಿಯವನಿಂದ ತೆಗೆಸಿದಳು. ಮರುವರ್ಷ ಹರಪನಹಳ್ಳಿಯ ಮದುವೆಗೆ ಗಡಿಬಿಡಿಯಲ್ಲಿ ನಾನು ಅದನ್ನೇ ಒಯ್ದೆ. ಮದುಮಗಳ ಮುಖ, ಬೀಗರ ಬಿಳಿ ಪಂಚೆ, ಅನ್ನದ ರಾಶಿ, ಎಲ್ಲ ಕುಂಕುಮ ಕಲಸಿದ ನೀರಲ್ಲಿ ಅದ್ದಿದಂತೆ ಬಂದಿತ್ತು. ಅವಳು ಕಂಪ್ಯೂಟರಿನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೀಗರನ್ನೆಲ್ಲ ನೀಹಾರಿಕೆ ಮಾಡೀರಲ್ರಿ!" ಕೊನೆಗೆ ಆಲ್ಬಮ್ಮನ್ನು ಕಪ್ಪು ಬಿಳುಪಿನಲ್ಲಿ ಮಾಡಿ ಕೊಟ್ಟೆ. ಹಳೇ ಕಾಲದ ಹಾಗೆ ಚಂದ ಬಂದಿದೆ ಎಂದು ಮದುಮಗಳ ಅಪ್ಪ ನನಗೇ ಪೇಟ ಸುತ್ತಿದರು.

ನಮ್ಮಿಬ್ಬರಿಗೂ ಜಗಳವಾಗುತ್ತಿದ್ದುದು ಚೌಕಟ್ಟಿನ ವಿಷಯಕ್ಕೆ. ಮದುವೆ ಫೋಟೋದವನಿಗೆ ಮುಖ ನಡುವೆ ಇರಬೇಕು. ಕೂರಿಗೆಯ ಕೆಳಗೆ ಎಲ್ಲರಿಗೂ ಕಾಣುವ ಬೆಳ್ಳನೆಯ ದೊಡ್ಡ ನೀಹಾರಿಕೆ ಒಂದಿದೆ. ನಾನು ಅದನ್ನು ಎಳೆದು ತಂದು ನಡುವೆ ಕೂರಿಸುತ್ತಿದ್ದೆ. ಅವಳು ಬಂದು ಕ್ಯಾಮೆರಾವನ್ನು ಸರಿಸಿ, ಅದನ್ನು ಬಲಗಡೆಯ ಮೂಲೆಗೆ ತಳ್ಳಿ, ಎಡಗಡೆ ಬರೀ ಕತ್ತಲೆ ಬಿಡುತ್ತಿದ್ದಳು.

"ಅರ್ಧ ಫೋಟೋ ಖಾಲಿ ಬಿಡ್ತಾರೇನಲೇ ಯಾರಾದ್ರೂ?"

"ಎದ್ದು ಕಾಣೋದು ಎಲ್ಲಿಟ್ರೂ ಕಾಣತೈತ್ರಿ. ಕಾಣಲಾರದ್ದಕ್ಕ ಜಾಗ ಬಿಡ್ರಿ. ಅಲ್ಲಿ ನಿಮ್ಮ ಈ ಮದುಮಗಳ ವಂಕಿ ಐತಿ."

ವಂಕಿ ಎಂದರೆ ಮದುಮಗಳು ತೋಳಿಗೆ ಹಾಕುವ ಬಾಗಿದ ಬಂಗಾರ. ನಮ್ಮ ಕಡೆ ಫೋಟೋದವನು ತಿನ್ನುವ ಬೈಗುಳಗಳಲ್ಲಿ ಮುಖ್ಯವಾದದ್ದು ಅದರದೇ. ಮುಖ ದೊಡ್ಡದಾಗಲಿ ಎಂದು ಹತ್ತಿರ ಹೋದರೆ ತೋಳು ಕತ್ತರಿಸಿಹೋಗುತ್ತದೆ. ಮದುಮಗಳ ತಾಯಿ ಆಲ್ಬಮ್ ತಿರುವಿ ಹಾಕಿ, "ವಂಕಿ ಎಲ್ಲೈತ್ರಿ? ಅರ್ಧ ತುಂಡು ಮಾಡೀರಲ್ಲ!" ಎಂದು ಜಗಳ ತೆಗೆಯುತ್ತಾಳೆ. ಕೂರಿಗೆಯ ಎಡಕ್ಕೆ, ಬಹಳ ದೂರದಿಂದ ಅದನ್ನು ಬಳಸಿಕೊಂಡು ನಿಂತಿರುವ ಒಂದು ದೊಡ್ಡ ಕೆಂಪು ಕಮಾನಿದೆಯಂತೆ. ಎಷ್ಟು ಮಂಕೆಂದರೆ ಅದನ್ನು ಕಂಡವರೇ ಕಡಿಮೆ. ಅದಕ್ಕೆ ಅವಳು ಇಟ್ಟ ಹೆಸರು ವಂಕಿ. "ಇದನ್ನರ ತುಂಡು ಮಾಡಬ್ಯಾಡ್ರಿ" ಎನ್ನುತ್ತಿದ್ದಳು.

ಮದುಮಗಳ ಮುಖಕ್ಕೆಂದು ಕೊಂಡ ಲೆನ್ಸಿಗೆ ಅದು ಒಂದೇ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಎರಡು ಫೋಟೋ ತೆಗೆದು ಜೋಡಿಸಬೇಕು, ಬಲಗಡೆಯದೊಂದು, ಎಡಗಡೆಯದೊಂದು. ಹೋದ ಧನುರ್ಮಾಸದಲ್ಲಿ ಬಲಗಡೆಯದು ಮುಗಿಯಿತು. ಅಷ್ಟರಲ್ಲಿ ಚಂದ್ರ ದೊಡ್ಡವನಾದ. "ಎಡಗಡಿದು ಮುಂದಿನ ಧನುರ್ಮಾಸಕ್ಕ" ಎಂದು ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಇಟ್ಟಳು. ಮಾಘದಲ್ಲಿ ಜ್ವರ ಬಂತು. ಹೊಸಪೇಟೆಗೆ ಹೋದೆವು, ಅಲ್ಲಿಂದ ದಾವಣಗೆರೆಗೆ ಹೋದೆವು. ಬರುವಾಗ ನಾನು ಡ್ರೈವರನ ಪಕ್ಕದಲ್ಲಿ ಕೂತಿದ್ದೆ, ಅವಳು ಹಿಂದೆ ಮಲಗಿದ್ದಳು. ಆಂಬುಲೆನ್ಸಿನ ದೀಪ ಹಾಕಿರಲಿಲ್ಲ.

ಈ ಸಲದ ಧನುರ್ಮಾಸಕ್ಕೆ ಹಲಗೆ ಇಳಿಸಿದೆ. ಅಮಾವಾಸ್ಯೆಯ ಆಚೀಚಿನ ಕೆಲವು ರಾತ್ರಿಗಳು ಮಾತ್ರ ಕೈಯಲ್ಲಿದ್ದವು. ಸಂಕ್ರಾಂತಿ ಕಳೆದರೆ ಮದುವೆಗಳು ಶುರು, ಅದರ ಹಿಂದೆಯೇ ಅವಳ ವರ್ಷದ ದಿನ.

ಜಾಗವನ್ನು ಬದಲಿಸುವಂತಿರಲಿಲ್ಲ. ಹಲಗೆಯ ತಿರುಗಣಿ ಧ್ರುವ ನಕ್ಷತ್ರದ ಕಡೆ ಮುಖ ಮಾಡಬೇಕು. ನಮ್ಮ ಸೀಮೆಯಲ್ಲಿ ಅದು ಬಹಳ ಕೆಳಗೆ, ಒಂದು ಬೇವಿನ ಮರ ಅಡ್ಡ ಬಂದರೂ ಸಿಗದಷ್ಟು. ಹಂಪಸಾಗರದ ಹತ್ತಿರ ಹಿನ್ನೀರಿನ ದಂಡೆಯಲ್ಲಿ ಉತ್ತರಕ್ಕೆ ಬರೀ ನೀರು. ಅದಕ್ಕೆಂದೇ ಅವಳು ಆ ಜಾಗ ಹುಡುಕಿದ್ದಳು. ಬೈಕಿನ ಹಿಂದೆ ಸ್ಟ್ಯಾಂಡು, ಹಲಗೆ ಕಟ್ಟಿಕೊಂಡು ಒಬ್ಬನೇ ಹೋದೆ. ಸೊಂಟಕ್ಕೆ ಸುತ್ತಿದ ಕೈ ಇಲ್ಲದೆ ಆ ದಾರಿ ಅಷ್ಟು ತಣ್ಣಗಿರುತ್ತದೆ ಎಂದು ಗೊತ್ತಿರಲಿಲ್ಲ.

ಬೋಲ್ಟು ತಿರುವುವುದಕ್ಕೆ ಒಂದು ಲಯವಿದೆ. ನಿಮಿಷಕ್ಕೊಂದು ಸುತ್ತು, ಅದನ್ನೂ ಕಾಲು ಕಾಲು ಭಾಗವಾಗಿ. ಅವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು, ನಾನು ತಿರುವುತ್ತಿದ್ದೆ. ರಾತ್ರಿಯ ಚಳಿಗೆ ಗಂಟಲು ಕಟ್ಟುತ್ತದೆಂದು ಒಂದು ಸಂಜೆ ಅಡುಗೆಮನೆಯಲ್ಲಿ ನಿಂತು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದಳು. ಒಂದು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ದಂಡೆಯ ಮೇಲೆ ಎಲ್ಲ ಹೊಂದಿಸಿ, ದೀಪ ಆರಿಸಿ, ಅದನ್ನು ಒತ್ತಿದೆ.

"ಕಾಲು…"

ನೀರಿನ ಮೇಲೆ ಅವಳ ದನಿ ಹೋಯಿತು.

"ಅರ್ಧ… ಮುಕ್ಕಾಲು… ಪೂರಾ. ಕಾಲು…"

ಮೊದಲ ರಾತ್ರಿ ದನಿ ಕೇಳುತ್ತ ಬೋಲ್ಟು ತಿರುವುವುದನ್ನೇ ಮರೆತೆ. ನಕ್ಷತ್ರಗಳೆಲ್ಲ ಎಳೆದ ಅಕ್ಕಿಕಾಳಿನಂತೆ ಬಂದವು. ಎರಡನೆಯ ರಾತ್ರಿ ಪರವಾಗಿಲ್ಲ ಎನ್ನುವಷ್ಟರಲ್ಲಿ ಮಂಜು ಬಿತ್ತು. ಆಮೇಲೆ ಸಮುದ್ರದ ಕಡೆಯಿಂದ ಬಂದ ಮೋಡ ನಾಲ್ಕಾರು ದಿನ ಕವಿದುಕೊಂಡಿತು. ನಾನು ಮೋಡದ ಕೆಳಗೂ ಹೋಗಿ ಕೂತೆ. ಕ್ಯಾಮೆರಾವನ್ನು ಚೀಲದಿಂದ ತೆಗೆಯದೆ, ದನಿ ಹಾಕಿಕೊಂಡು, ಬರೀ ಬೋಲ್ಟು ತಿರುವಿದೆ. ಅದಕ್ಕೆ ಅಭ್ಯಾಸ ಎಂದು ಹೆಸರಿಟ್ಟುಕೊಂಡಿದ್ದೆ. ಕತ್ತಲಲ್ಲಿ ಎಡಕ್ಕೆ ತಿರುಗಿದರೆ ಅವಳು ಚಾದರ ಹೊದ್ದು ಕೂತಿರುತ್ತಾಳೆ ಎಂದು ಕುತ್ತಿಗೆಯ ನರಕ್ಕೆ ಖಾತ್ರಿಯಿತ್ತು. ನಾನು ತಿರುಗುತ್ತಿರಲಿಲ್ಲ.

ಮೋಡ ಹರಿದ ರಾತ್ರಿಯೇ ಕೊನೆಯದು. ಮರುದಿನದಿಂದ ಚಂದ್ರ. ಕೂರಿಗೆ ಚೆನ್ನಾಗಿ ಮೇಲೆ ಬಂದಿತ್ತು. ನಾನು ಅದನ್ನು ಚೌಕಟ್ಟಿನ ಬಲ ಅಂಚಿಗೆ ಸರಿಸಿ, ಏನೂ ಇಲ್ಲದ ಕಡೆಗೆ ಲೆನ್ಸು ತಿರುಗಿಸಿ, ಶುರು ಮಾಡಿದ್ದೆ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆಗ ಮೆಕ್ಕೆಜೋಳದ ಹೊಲದ ಕಡೆಯಿಂದ ಬ್ಯಾಟರಿಯ ಬೆಳಕು ಕುಣಿಯುತ್ತ ಬಂತು.

"ಯಾರಲೇ ಅಲ್ಲಿ? ಯಾರವ್ವ ಅದು?"

ಹೊಲ ಕಾಯುವ ಮುದುಕ. ಒಂದು ಕೈಯಲ್ಲಿ ಬಡಿಗೆ. ಬೆಳಕು ನೇರ ಲೆನ್ಸಿನ ಮೇಲೆ.

"ದೀಪ ಆರಸ್ರಿ ಯಜಮಾನ್ರ! ನಾನು, ಕೊಟ್ಟೂರು ಫೋಟೋದವ."

"ಹೆಣ್ಮಗಳು ಎಲ್ಲಿ ಅದಾಳ?"

"ಹೆಣ್ಮಗಳು ಇಲ್ರಿ. ನಾನೊಬ್ಬನ ಅದೀನಿ."

"ಅರ್ಧ…" ಎಂದಿತು ಫೋನು.

ಮುದುಕ ಎರಡು ಹೆಜ್ಜೆ ಹಿಂದೆ ಹೋದ. ಫೋನನ್ನು ಎತ್ತಿ ತೋರಿಸಿದೆ. ಅವನು ಬೆಳಕು ಆರಿಸಿ, ಬಡಿಗೆ ಊರಿಕೊಂಡು ನನ್ನ ಪಕ್ಕದಲ್ಲೇ ಕುಕ್ಕರಿಸಿದ. ಉಸಿರು ಇನ್ನೂ ಜೋರಾಗಿತ್ತು.

"ಎಂಟು ದಿನ ಆತು, ನಮ್ಮನ್ಯಾಕಿ ಒಂದಾ ಸವನ ಹೇಳ್ತಾಳ. ಹಿನ್ನೀರಿನ್ಯಾಗ ಮುಳುಗಿದ ಊರಿನಾಕಿ ಯಾರೋ ರಾತ್ರಿ ಜ್ವಾಳ ಅಳೀತಾಳ ಅಂತ. ಕಾಲು, ಅರ್ಧ, ಮುಕ್ಕಾಲು, ಪೂರಾ. ಅಳದಾ ಅಳೀತಾಳ, ರಾಶಿ ಮುಗಿಯವಲ್ದು ಅಂತ. ನಾನೂ ಕೇಳೀನಿ. ಹೊರಗ ಬರಾಕ ಗುಂಡಿಗಿ ಇರಲಿಲ್ಲ."

"ಮತ್ತ ಇವತ್ತು ಹೆಂಗ ಬಂದ್ರಿ?"

"ಇವತ್ತು ಗಾಳಿ ನಮ್ಮ ಕಡಿ ಇತ್ತು, ನಡುವ ಕುಕ್ಕರ್ ಸೀಟಿ ಕೇಳಿಸ್ತು. ದೆವ್ವದ ಮನ್ಯಾಗ ಕುಕ್ಕರ್ ಯಾಕ ಇರತೈತಿ ಅಂತ ಧೈರ್ಯ ಬಂತು."

ಆ ರೆಕಾರ್ಡಿನ ನಡುವೆ ನಮ್ಮ ಮನೆಯ ಕುಕ್ಕರ್ ಕೂಗುವುದು ನಿಜ. ಅವತ್ತಿನ ಬೇಳೆ. ನನಗೆ ನಗು ಬಂತು, ಹಾಗೆಯೇ ಅದು ಬೇರೆಯಾಯಿತು. ಮುದುಕ ನನ್ನ ಕಡೆ ನೋಡಲಿಲ್ಲ. ನೀರಿನ ಕಡೆ ನೋಡುತ್ತಲೇ ಕೇಳಿದ.

"ಹೋದ ವರ್ಷ ಇಬ್ರು ಬರ್ತಿದ್ರಿ ಅಲ್ಲೇನು. ಕೆಂಪು ದೀಪ ಹಣಿಗಿ ಕಟಗಂಡು ಒಬ್ಬಾಕಿ."

"ಹೌದ್ರಿ. ಆಕೀನ."

"ತಿರುವು, ತಿರುವು. ಆಕಿ ಮುಕ್ಕಾಲಿಗಿ ಬಂದಾಳ."

ತಿರುವಿದೆ. ಅವನು ಎದ್ದು ಹೋಗಲಿಲ್ಲ. ದೂರದಲ್ಲಿ ಹರಪನಹಳ್ಳಿ ಕಡೆಯ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು. ಇಬ್ಬರೂ ಅವಳ ಮಾತು ಕೇಳುತ್ತ ಕೂತೆವು. "ಕಾಲು… ಅರ್ಧ… ಮುಕ್ಕಾಲು…"

ಅಲ್ಲಿಗೆ ನಿಂತಿತು. ಚಳಿಗೆ ಫೋನಿನ ಬ್ಯಾಟರಿ ಸತ್ತಿತ್ತು.

ನಾನು ಕಾದೆ. ಕ್ಯಾಮೆರಾದ ಕಣ್ಣು ತೆರೆದೇ ಇತ್ತು, ಆಕಾಶ ಸರಿಯುತ್ತಿತ್ತು, ಕೈ ಬೋಲ್ಟಿನ ಮೇಲಿತ್ತು. ಅವಳು ಹೇಳದೆ ಹೇಗೆ ತಿರುವಲಿ ಎಂದು ಅಲ್ಲೇ ಕೂತಿದ್ದೆ. ಆಸ್ಪತ್ರೆಯಲ್ಲೂ ನನಗೆ ಅಷ್ಟು ನಿಶ್ಶಬ್ದ ಕೇಳಿಸಿರಲಿಲ್ಲ.

"ಪೂರಾ" ಎಂದ ಮುದುಕ, ಕತ್ತಲಲ್ಲಿ.

ಕೈ ತಿರುಗಿತು.

"ಕಾಲು" ಎಂದ. ಕೆಮ್ಮಿದ. "ಅರ್ಧ."

ಕೂರಿಗೆ ನೆತ್ತಿಗೆ ಬರುವವರೆಗೂ ಅವನು ಹೇಳಿದ. ಅವನ ಲೆಕ್ಕ ಅವಳದರಷ್ಟು ಸಮವಾಗಿರಲಿಲ್ಲ. ಚಳಿ ಹೆಚ್ಚಾದಾಗ ಮುಕ್ಕಾಲು, ಪೂರಾ ಒಂದರ ಮೇಲೊಂದು ಬೀಳುತ್ತಿದ್ದವು, ಬೀಡಿ ಹಚ್ಚಲು ಹೋದಾಗ ಒಂದು ಅರ್ಧ ತಪ್ಪಿಯೇ ಹೋಯಿತು. "ನಮ್ಮನ್ಯಾಕಿಗಿ ಏನಂತ ಹೇಳ್ಲಿ?" ಎಂದು ಏಳುವಾಗ ಕೇಳಿದ.

"ರಾಶಿ ಮುಗೀತು ಅಂತ ಹೇಳ್ರಿ."

ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಬೇಸರಕ್ಕಲ್ಲ. ಅವಳ ದನಿಯಿಲ್ಲದೆ ನನ್ನ ಕೈ ತಿರುಗಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಅವಳ ದನಿ ಹಾಕಲಿ ಎನ್ನಿಸಿತ್ತು.

ಮರುದಿನ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಕೂತೆ. ಹೀಗೆ ನಿಮಿಷಕ್ಕೊಂದರಂತೆ ತೆಗೆದ ನೂರಾರು ಫ್ರೇಮುಗಳನ್ನು ಕಂಪ್ಯೂಟರು ಒಂದರ ಮೇಲೊಂದು ಪೇರಿಸುತ್ತದೆ. ಪ್ರತಿಯೊಂದರಲ್ಲೂ ಇರುವುದನ್ನು ಉಳಿಸಿಕೊಳ್ಳುತ್ತದೆ. ಒಂದೇ ಒಂದರಲ್ಲಿ ಬಂದು ಹೋದದ್ದನ್ನು, ವಿಮಾನವನ್ನೋ ಮುದುಕನ ಬ್ಯಾಟರಿಯನ್ನೋ, ಅದು ನಂಬುವುದಿಲ್ಲ. ಅಳಿಸಿಬಿಡುತ್ತದೆ. ಕೈಗಳನ್ನು ನಾನು ಅಳಿಸುವ ಹಾಗೆ.

ಅವಳ ಬಲಗಡೆಯ ಫ್ರೇಮುಗಳನ್ನು ಒಂದೊಂದಾಗಿ ತೆರೆದೆ. ಒಂದರಲ್ಲಿ ಕೆಳಗಿನ ಅಂಚಿನ ಉದ್ದಕ್ಕೂ ಒಂದು ಕೆಂಪು ಮಬ್ಬು. ಅವಳು ಚಹಾದ ಫ್ಲಾಸ್ಕ್ ತರಲು ಎದ್ದು ಲೆನ್ಸಿನ ಮುಂದೆ ಹಾದಾಗ ಹಣೆಯ ದೀಪ ಎಳೆದ ಗೆರೆ. ಅದನ್ನು ನೋಡುತ್ತ ಬಹಳ ಹೊತ್ತು ಕೂತೆ. ಆ ಫ್ರೇಮನ್ನು ತೆಗೆದು ಬೇರೆ ಇಡಬಹುದಿತ್ತು. ಇಡಲಿಲ್ಲ, ಪೇರಿಸಲು ಕೊಟ್ಟೆ. ಕಂಪ್ಯೂಟರು ಗೆರೆಯನ್ನು ಅಳಿಸಿತು. ಆ ಒಂದು ನಿಮಿಷದ ನಕ್ಷತ್ರಗಳ ಬೆಳಕನ್ನು ಮಾತ್ರ ಒಳಗೆ ಸೇರಿಸಿಕೊಂಡಿತು.

ಎಡಗಡೆಯದರಲ್ಲಿ ಮುದುಕನ ಲೆಕ್ಕದ ಫ್ರೇಮುಗಳು ಎಷ್ಟೋ ಕೆಟ್ಟಿದ್ದವು. ಉಳಿದವೂ ಸಾಕಷ್ಟಿದ್ದವು. ಎರಡೂ ಅರ್ಧಗಳನ್ನು ಜೋಡಿಸಿ, ಕತ್ತಲೆಯನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಲೆನ್ಸಿನ ಕಲೆ ಇರಬೇಕು ಎನ್ನುವಂಥ ಒಂದು ಮಸುಕು. ಅಭ್ಯಾಸಬಲದಿಂದ ಅದನ್ನು ಒರೆಸುವ ಬ್ರಷ್ಷಿಗೆ ಕೈ ಹೋಗಿತ್ತು. ಮುಖದ ಮೇಲಿನ ಕಲೆ ತೆಗೆದು ತೆಗೆದು ಬೆಳೆದ ಕೈ ಅದು. ಒರೆಸುವ ಮೊದಲು ಇನ್ನೊಂದಿಷ್ಟು ಎತ್ತಿದೆ. ಮಸುಕು ಬಾಗಿತು, ಕೆಂಪಾಯಿತು, ಮೇಲಿನಿಂದ ಕೆಳಗಿನವರೆಗೆ ಕೂರಿಗೆಯನ್ನು ಬಳಸಿಕೊಂಡು ಬಂತು. ಎಲ್ಲೂ ತುಂಡಾಗಿರಲಿಲ್ಲ. ಅದರ ಆಚೆಗೂ ಅವಳು ಹೇಳಿದಷ್ಟು ಖಾಲಿ ಜಾಗ ಉಳಿದಿತ್ತು.

ವರ್ಷದ ದಿನ ಅತ್ತೆ ಹಡಗಲಿಯ ಮಲ್ಲಿಗೆ ತುಂಬಿದ ಬುಟ್ಟಿ ಹಿಡಿದುಕೊಂಡು ಬಂದರು. ಮಣೆಯ ಮೇಲೆ ನಾನು ಇಟ್ಟಿದ್ದುದು ಆ ಫೋಟೋ ಒಂದೇ. ಅವಳ ತಮ್ಮ ಅದರ ಹಿಂದೆಯೂ ಬಗ್ಗಿ ನೋಡಿದ.

"ಮಾವ, ಅಕ್ಕನ ಫೋಟೋ ಎಲ್ರಿ? ಮಂದಿ ಬರೋ ಹೊತ್ತಾತು."

"ಆಗಲಿಲ್ಲಪ್ಪ. ನಿನ್ನ ಮದುವಿದು ಒಂದಾ ಐತಿ. ಅದರಾಗ ನನ್ನ ಕೈ ಐತಿ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಮುತ್ತೈದೆಯಾಗಿ ಹೋದ ಮಗಳು. ಫೋಟೋದ ಗಾಜಿನ ಮೇಲೆ, ಹಣೆಯ ಜಾಗಕ್ಕೆ, ಕುಂಕುಮ ಇಡಬೇಕು. ಬಟ್ಟಲಲ್ಲಿ ಬೆರಳು ಅದ್ದಿ ಎತ್ತಿದವರು ಹಾಗೆಯೇ ನಿಂತರು. ಬೆರಳು ಗಾಜಿನ ಮುಂದೆ ಮೇಲೆ ಕೆಳಗೆ ಹುಡುಕಿತು.

"ಇದಕ್ಕ ಹಣಿ ಎಲ್ಲೈತಪ್ಪ?"

"ಅದು ವಂಕಿ ನೋಡ್ರಿ ಅತ್ತಿ" ಎಂದೆ, ಕೆಂಪು ಕಮಾನಿನ ಕಡೆ ಕೈ ತೋರಿಸಿ. "ಹಂಗಂತ ಆಕೀನ ಕರೀತಿದ್ಲು."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಬೆರಳನ್ನು ಗಾಜಿಗೆ ತಾಗಿಸದೆ ಆ ಕೆಂಪಿನ ಗುಂಟ ಮೇಲಿನಿಂದ ಕೆಳಗೆ ತಂದರು, ಮದುವೆ ಆಲ್ಬಮ್ಮಿನಲ್ಲಿ ತಾಯಂದಿರು ನೋಡುವ ಹಾಗೆ, ಎಲ್ಲಾದರೂ ಕತ್ತರಿಸಿದೆಯೇನೋ ಎಂದು.

"ಪೂರಾ ಬಂದೈತಿ" ಎಂದರು.

ಆಮೇಲೆ ಅದನ್ನೂ ದಾಟಿ, ಎಡಗಡೆ ಏನೂ ಇಲ್ಲದಲ್ಲಿ, ಕತ್ತಲೆಯ ಮೇಲೆ ಬೆರಳು ಒತ್ತಿದರು.

ಅಂಗಡಿಯಲ್ಲಿ ಕಟ್ಟು ಹಾಕಿಟ್ಟ ಫೋಟೋಗಳ ಗಾಜನ್ನು ನಾನು ವಾರಕ್ಕೊಮ್ಮೆ ಒರೆಸುತ್ತೇನೆ. ಆ ಕುಂಕುಮದ ಗಾಜನ್ನು ಮಾತ್ರ ಇನ್ನೂ ಒರೆಸಿಲ್ಲ.